ಹಿಂದೆ ಬಂದವನ ತಪ್ಪು

ವಾಹನ ನಡೆಸುವವರಲ್ಲಿ ಒಂದು ನಂಬಿಕೆಯಿದೆ: ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು. ನಲವತ್ತು ವರ್ಷ ಕಾರು ನಡೆಸಿದ ನಾನೂ ಅದನ್ನು ವೇದವಾಕ್ಯವೆಂದೇ ತಿಳಿದಿದ್ದೆ. 2025ರ ಗೌರಿ ಹಬ್ಬದ ಹಿಂದಿನ ದಿನ ಆ ನಂಬಿಕೆ ನನ್ನನ್ನು ಕಾಪಾಡಿತು. ಕಾಪಾಡಿದ್ದೇ ಸಂಕಟವಾಯಿತು.

ಬೆಳಗಿನ ಆರು ಗಂಟೆಗೆ ಗಾಂಧಿಬಜಾರಿನ ಕಡೆ ಹೊರಟಿದ್ದೆವು. ಹಬ್ಬದ ಮುನ್ನಾದಿನ ಹೊತ್ತೇರಿದಂತೆ ಹೂವಿನ ಬೆಲೆಯೂ ಏರುವುದನ್ನು ಬೆಂಗಳೂರಿನ ಗೃಹಸ್ಥರಿಗೆ ನಾನು ಹೇಳಬೇಕಾಗಿಲ್ಲ. ರಸ್ತೆ ಬರಿದಾಗಿತ್ತು. ಎಡಗಡೆಯ ಮರದಡಿ ಒಬ್ಬಾಕೆ ಬುಟ್ಟಿ ಇಳಿಸುತ್ತಿದ್ದುದನ್ನು ಕಂಡ ನನ್ನಾಕೆ, "ನಿಲ್ಲಿಸಿ, ನಿಲ್ಲಿಸಿ! ಸೇವಂತಿಗೆ!" ಎಂದಳು. ನನ್ನ ಕಾಲು ಬ್ರೇಕಿನ ಮೇಲೆ ಬಿತ್ತು. ಕನ್ನಡಿಯತ್ತ ನೋಡಲಿಲ್ಲ. ಮರುಕ್ಷಣ ಹಿಂದುಗಡೆ ಸದ್ದು. ಕೆಲಸಕ್ಕೆ ಹೊರಟಿದ್ದ ಹುಡುಗನೊಬ್ಬ ಸ್ಕೂಟರಿನ ಸಮೇತ ನೆಲಕ್ಕುರುಳಿದ್ದ. ಬಲಗೈಯ ಮಣಿಕಟ್ಟು ಮುರಿದಿತ್ತೆಂದು ಆಮೇಲೆ ತಿಳಿಯಿತು.

ನೆರೆದವರು, "ದೂರ ಬಿಟ್ಟು ಬರಬಾರದೇನಯ್ಯ?" ಎಂದು ಅವನನ್ನೇ ಗದರಿದರು. "ತಪ್ಪಾಯಿತು ಸಾರ್" ಎಂದ ಆ ಹುಡುಗ. ನಾನು ಸುಮ್ಮನಿದ್ದೆ. "ನಾಯಿ ಅಡ್ಡ ಬಂತೇ?" ಎಂದು ಯಾರೋ ಕೇಳಿದಾಗ ತಲೆಯಾಡಿಸಿದಂತೆ ನೆನಪು. ನೆನಪೇನು, ಆಡಿಸಿದೆ. ಪೋಲೀಸರು ಕೇಳಿದಾಗಲೂ ಅದೇ ನಾಯಿ ನನ್ನ ನೆರವಿಗೆ ಬಂತು.

ಸಂಜೆ ವಕೀಲನಾದ ನನ್ನ ಭಾವಮೈದ ಬಂದ. "ಹೆದರಬೇಡಿ ಭಾವ" ಎಂದು 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದನ್ನು ಹೇಳಿದ. ಲಾರಿಯ ಹಿಂದೆ 10-15 ಅಡಿ ಅಂತರದಲ್ಲಿ ಬರುತ್ತಿದ್ದ ಕಾರು ಅದಕ್ಕೆ ಗುದ್ದಿತ್ತು. ಲಾರಿ ಥಟ್ಟನೆ ನಿಂತಿತೆಂಬ ವಾದ ಫಲಿಸಲಿಲ್ಲ. ಅಷ್ಟು ಅಂತರ ಸಾಲದು, ತಪ್ಪು ಕಾರಿನವನದೇ ಎಂದಾಯಿತು. ಗಂಟೆಗೆ 36 ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ 10 ಮೀಟರು ಸಾಗುತ್ತದೆ. ಕಾಲು ಬ್ರೇಕನ್ನು ಮುಟ್ಟುವುದರೊಳಗೇ 15 ಅಡಿ ಮುಗಿದಿರುತ್ತದೆ.

"ಹೇಗೂ ನಾಯಿ ಅಡ್ಡ ಬಂತಲ್ಲ" ಎಂದು ಅವನು ಮುಗಿಸುವಷ್ಟರಲ್ಲಿ ನನ್ನಾಕೆ ಅಡಿಗೆಮನೆಯಿಂದಲೇ, "ನಾಯಿಯಲ್ಲವೋ, ಸೇವಂತಿಗೆ" ಎಂದಳು.

ಅವನು ಕಾಫಿಯ ಲೋಟವನ್ನು ಕೆಳಗಿಟ್ಟ. ಸುರಕ್ಷತೆಗೆ ಅಗತ್ಯವಿದ್ದಲ್ಲದೆ ಥಟ್ಟನೆ ಬ್ರೇಕು ಹಾಕಕೂಡದೆಂದು 1989ರ ರಸ್ತೆ ನಿಯಮಗಳಲ್ಲಿಯೇ ಇತ್ತಂತೆ. ಅವುಗಳ ಸ್ಥಾನಕ್ಕೆ ಬಂದ 2017ರ ನಿಯಮಗಳೂ ಅದನ್ನು ಕೈಬಿಟ್ಟಿಲ್ಲ. ಆಮೇಲೆ ಅವನು ಹೇಳಿದ್ದು ಕೊಯಮತ್ತೂರಿನ ಮೊಕದ್ದಮೆ. 2017ರಲ್ಲಿ ಹೆದ್ದಾರಿಯ ನಡುವೆ ಒಬ್ಬರು ಸೂಚನೆ ಕೊಡದೆ ಕಾರು ನಿಲ್ಲಿಸಿದರು. ಹಿಂದಿನಿಂದ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಯ ಮೋಟಾರ್ ಸೈಕಲ್ಲು ಅದಕ್ಕೆ ತಗುಲಿತು. ಬಿದ್ದವನ ಕಾಲಿನ ಮೇಲೆ ಬಸ್ಸು ಹರಿಯಿತು. ಕಾಲನ್ನು ಕತ್ತರಿಸಬೇಕಾಯಿತು. ಕೆಳಗಿನ ನ್ಯಾಯಮಂಡಲಿ ಕಾರಿನವರನ್ನು ದೋಷಮುಕ್ತರನ್ನಾಗಿ ಮಾಡಿತ್ತು. ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಹಾಗೆನ್ನಲಿಲ್ಲ: ತಪ್ಪಿನಲ್ಲಿ ನೂರಕ್ಕೆ 50 ಪಾಲು ಕಾರಿನವರದು, 30 ಬಸ್ಸಿನವನದು, 20 ಆ ಹುಡುಗನದು.

"ಏಕೆ ನಿಲ್ಲಿಸಿದ್ದರಂತೆ?" ಎಂದೆ.

"ಗರ್ಭಿಣಿ ಹೆಂಡತಿಗೆ ವಾಂತಿ ಬರುವಂತಾಯಿತಂತೆ."

ಅದನ್ನೂ ನ್ಯಾಯಾಲಯ ಸಾಕಾದ ಕಾರಣವೆಂದು ಒಪ್ಪಲಿಲ್ಲ. ನನ್ನದಾದರೋ ಎರಡು ಮೊಳ ಹೂವು.

ಹಬ್ಬ ಕಳೆದ ಮರುದಿನ ಹುಡುಗನ ಮನೆಗೆ ಹೋದೆ. ನಾಯಿಯ ಸಂಗತಿ ಸುಳ್ಳೆಂದು ತಾಯಿಯ ಎದುರಿಗೇ ಹೇಳಿ, ವಿಮೆಯ ಕಾಗದಗಳ ನಕಲನ್ನು ಕೊಟ್ಟೆ. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಹುಡುಗ ಕಟ್ಟುಹಾಕಿದ ಕೈಯನ್ನು ನೋಡುತ್ತ, "ನಾನೂ ತೀರ ಹತ್ತಿರವೇ ಬರುತ್ತಿದ್ದೆ ಸಾರ್" ಎಂದ.

"ನೀನು ಸುಮ್ಮನಿರು" ಎಂದರು ತಾಯಿ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನು ಪೋಲೀಸರಿಗೂ ಹೇಳುತ್ತೀರಾ?" ಎಂದು ಕೇಳಿದರು.

ಅಲ್ಲಿಂದ ನೇರವಾಗಿ ಠಾಣೆಗೆ ಹೋಗಿ ಹೊಸ ಹೇಳಿಕೆ ಬರೆದುಕೊಟ್ಟೆ.