ಬಂಗಾರಪೇಟೆಯಿಂದ ಮುಂದಕ್ಕೆ

ಬಂಗಾರಪೇಟೆ ಹೆಸರಾಗಿರುವುದು ಪಾನಿಪೂರಿಗೆ. ಅದರ ಪಾನಿ ಹಸಿರಲ್ಲ, ನಲ್ಲಿ ನೀರಿನಷ್ಟೇ ತಿಳಿ. ಆ ಬಣ್ಣ ನಂಬಿ ಬಾಯಿಗಿಟ್ಟವರ ಕಣ್ಣಲ್ಲಿ ನೀರು. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿಂದ ಮಾರಿಕುಪ್ಪಂಗೆ ಹೊರಟ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಂತು ನಿಂತು ಹೋಗುತ್ತದೆ. ಇವೆಲ್ಲ ಕೋಲಾರದ ಚಿನ್ನದ ಗಣಿಗಳ, ಅಂದರೆ ಕೆಜಿಎಫ್‌ನ ಹೆಸರುಗಳು. ಕಂಪನಿ ಮುಚ್ಚಿದರೂ ಆ ಹೆಸರುಗಳನ್ನು ರೈಲ್ವೆಯವರು ಬಿಟ್ಟಿಲ್ಲ.

ಕೆಜಿಎಫ್‌ನಲ್ಲಿ ಚಿನ್ನ ಪತ್ತೆ ಮಾಡಿದವನು ಯಾರೆಂದರೆ ಎಲ್ಲರೂ ಲೆವೆಲ್ ಎಂಬ ಐರಿಷ್ ಸೈನಿಕನ ಹೆಸರು ಹೇಳುತ್ತಾರೆ. 1873ರಲ್ಲಿ ಗಣಿ ತೋಡುವ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದವನು ಅವನು, ನಿಜ. ಆದರೆ ಅವನಿಗೆ ಆಸೆ ಹುಟ್ಟಿಸಿದ್ದು ಲೆಫ್ಟಿನೆಂಟ್ ವಾರನ್ ಬರೆದಿಟ್ಟ ವರದಿ. ವಾರನ್ 1802ರಲ್ಲಿ ಇಲ್ಲಿಗೆ ಬಂದು ಇನಾಮು ಸಾರಿದಾಗ, ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದ್ದರು. ಹೊಟ್ಟೆಪಾಡಿಗೆ ಮಣ್ಣು ಜಾಲಾಡುತ್ತಿದ್ದ ಸಂಸಾರಗಳವು. ಇಂಗ್ಲಿಷರು ಪತ್ತೆ ಮಾಡಿದ್ದು ಚಿನ್ನವನ್ನಲ್ಲ, ಆ ಹಳ್ಳಿಗರನ್ನು.

ಲೆವೆಲ್‌ನ ಕೈ ಬರಿದಾಗಿ ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಅಷ್ಟರಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ದಕ್ಷಿಣವನ್ನೆಲ್ಲ ಹಿಂಡಿತ್ತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ತುಂಡು ಭೂಮಿಯಿಲ್ಲದ ದಲಿತ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬಂದವು. ಅವರು ಬಂದದ್ದು ಚಿನ್ನಕ್ಕಲ್ಲ, ಕೂಲಿಗೆ. ಜಮೀನ್ದಾರನ ಹಂಗಿಲ್ಲದ ಕೂಲಿಗೆ. ತಟ್ಟಿ ಗೋಡೆಯ ಕೂಲಿ ಲೈನುಗಳಲ್ಲಿ ಒಂದೇ ಕೋಣೆಯ ಸಂಸಾರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗಿಂತ ಮೊದಲು ಗಣಿಗೆ ಬಂತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಸತ್ತವರುಂಟು, ಕಲ್ಲುಧೂಳು ಎದೆಗಿಳಿದು ಸಿಲಿಕೋಸಿಸ್‌ನಲ್ಲಿ ಮೆಲ್ಲಗೆ ಸವೆದವರೂ ಉಂಟು. ಆದರೂ ಅಪ್ಪ ಇಳಿದ ಗಣಿಗೇ ಮಗ ಇಳಿದ. ತಿಂಗಳ ಸಂಬಳ ಎಂಬುದು ಅಷ್ಟು ದೊಡ್ಡ ಮಾತಾಗಿತ್ತು.

ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಈಗ ಅದೇ ಲೈನುಗಳ ಮಕ್ಕಳು ಕತ್ತಲಿರುವಾಗಲೇ ಬುತ್ತಿ ಹಿಡಿದು ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಬಂದು ಮಲಗುತ್ತಾರೆ. ಮುತ್ತಜ್ಜ ಕೂಲಿ ಹುಡುಕಿಕೊಂಡು ಒಮ್ಮೆ ಊರು ಬಿಟ್ಟ. ಮರಿಮಗ ದಿನಾ ಬಿಡುತ್ತಾನೆ.

ಚಿನ್ನ ತೆಗೆದ ಮೇಲೆ ಗಣಿಯವರು ರಾಶಿ ಹಾಕಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಮಾತು ಮತ್ತೆ ಮತ್ತೆ ಏಳುತ್ತಿದೆ. ತೆಗೆಯುವುದಾದರೆ ತೆಗೆಯಲಿ. ಆದರೆ ಅಲ್ಲಿನ ಮೊದಲ ಕೆಲಸ ಬೆಳಗಿನ ರೈಲಿಗೆ ಓಡುವ ಈ ಮಕ್ಕಳಿಗೇ ಸಿಗಲಿ.