ಸ್ವೆಟರ್ ಅಕ್ಕನ ಎರಡು ಕೊಡ

ದೀಪಾವಳಿ ಮುಗಿದು ಹುಬ್ಬಳ್ಳಿಗೆ ಚಳಿ ಇಳಿಯುವ ಹೊತ್ತಿಗೆ ನಮ್ಮ ಹಿತ್ತಲ ಖೋಲಿಗೆ ಮುಂಡಗೋಡದಿಂದ ಸ್ವೆಟರಿನ ಗಂಟುಗಳು ಬಂದಿಳಿಯುತ್ತಿದ್ದವು. ತೊಂಬತ್ತರ ದಶಕದ ಮಾತು. ಗಂಟುಗಳ ಹಿಂದೆ ಟಿಬೆಟಿ ಗಂಡ-ಹೆಂಡತಿ, ಒಬ್ಬ ಮುದುಕಿ. ಹೆಂಡತಿಯ ಹೆಸರು ನಮ್ಮ ನಾಲಗೆಗೆ ಹೊರಳದೆ ಆಕೆ ಸ್ವೆಟರ್ ಅಕ್ಕ ಆದಳು.

ತಕರಾರು ಬಾಡಿಗೆಯದಲ್ಲ, ನೀರಿನದು. ನಮಗೇ ನಳ ಬರುತ್ತಿದ್ದುದು ಐದಾರು ದಿನಕ್ಕೊಮ್ಮೆ. ‘ದಿನಾ ಎರಡು ಕೊಡ, ಹೆಚ್ಚಿಗಿ ಕೇಳಬ್ಯಾಡ್ರಿ’ ಎಂದು ಅವ್ವ ಮೊದಲ ದಿನವೇ ಹೇಳಿಬಿಟ್ಟಳು. ಅಕ್ಕ ಕೇಳಲೂ ಇಲ್ಲ. ಅಕ್ಕಿ ತೊಳೆದ ನೀರಲ್ಲಿ ತಟ್ಟೆ ತೊಳೆದು, ಅದನ್ನೇ ನಮ್ಮ ನುಗ್ಗೆ ಗಿಡಕ್ಕೆ ಸುರಿಯುತ್ತಿದ್ದಳು. ಆ ವರ್ಷ ನುಗ್ಗೆ ಮುರಿದು ಬೀಳುವಷ್ಟು ಕಾಯಿ ಬಿಟ್ಟಿತು. ಅವ್ವನ ಗೆರೆ ಮಾತ್ರ ಅಳಿಯಲಿಲ್ಲ.

ಮುದುಕಿ 1959ರ ನಂತರ ಗಡಿ ದಾಟಿ ಬಂದು, ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದವಳು. 1966ರಲ್ಲಿ ಮುಂಡಗೋಡದ ಟಿಬೆಟಿ ನಿರಾಶ್ರಿತರ ಕ್ಯಾಂಪು ಶುರುವಾಯಿತು. ಮೈಸೂರು ಸರಕಾರ ಕೊಟ್ಟ ಸುಮಾರು 4,000 ಎಕರೆ ಕಾಡು ಕಡಿದು ಗೋವಿನಜೋಳ ಬಿತ್ತಿದರು. ಮಳೆಯನ್ನೇ ನಂಬಿದ ಬೆಳೆ. ಸುಗ್ಗಿ ಮುಗಿದರೆ ಕೈ ಖಾಲಿ. ಅದಕ್ಕೇ ಲುಧಿಯಾನಾದಿಂದ ಉದ್ರಿ ಮಾಲು ತಂದು ಊರೂರಲ್ಲಿ ಕೂರುವ ಈ ವ್ಯಾಪಾರ. ನಾವೋ, ಟಿಬೆಟಿನ ಉಣ್ಣೆ ಎಂದೇ ನಂಬಿ ಕೊಂಡವರು!

ಅಕ್ಕ ಬೇಗ ನಮ್ಮ ಮಾತು ಕಲಿತಳು. ‘ಒಂದ ರೇಟ್ ರಿ, ಹಾಕ್ಕೊಂಡು ನೋಡ್ರಿ.’ ವಿದೇಶಿಯರ ನೋಂದಣಿ ಪುಸ್ತಕವನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದಿಂಬಿನಡಿ ಇಟ್ಟು ಮಲಗುತ್ತಿದ್ದಳು. ಇಲ್ಲೇ ಹುಟ್ಟಿದ ಅವಳಿಗೂ ಅದು ಬೇಕಿತ್ತು.

ಮುಂಡಗೋಡದ ಬಸ್ಸಿನಲ್ಲಿ ಒಮ್ಮೆ ಪಕ್ಕದವ ಗೊಣಗಿದ: ‘ಅವ್ರಿಗೆ ಹೊಲ ಕೊಟ್ರು, ನಮಗ್ಯಾರು ಕೊಟ್ರಿ?’ ಸಿಟ್ಟು ಸುಳ್ಳಲ್ಲ. ಆದರೆ ಅವನಿಗೆ ಕೂಲಿ ಸಿಗುತ್ತಿದ್ದುದು ಕ್ಯಾಂಪಿನ ಹೊಲದಲ್ಲೇ. ಇಳಿಯುವಾಗ ಬಾಗಿಲಲ್ಲಿದ್ದ ಲಾಮಾನ ಜೊತೆ ಟಿಬೆಟಿಯಲ್ಲೇ ನಗೆಚಾಟಿಕೆ ಮಾಡಿದ.

ಕ್ರಮೇಣ ಗಂಟುಗಳು ಕಡಿಮೆಯಾದವು. ಕ್ಯಾಂಪಿನ ಮಕ್ಕಳು ಬೆಂಗಳೂರು, ಪರದೇಶ ಸೇರಿದರು. ಎಷ್ಟೋ ಹೊಲಗಳನ್ನು ಈಗ ಸುತ್ತಲ ಊರವರೇ ಲಾವಣಿಗೆ ಮಾಡುತ್ತಾರೆ. ಹುಬ್ಬಳ್ಳಿಯವರು ರವಿವಾರ ಅಲ್ಲಿನ ಡ್ರೆಪುಂಗ್, ಗಂದೆನ್ ಮಠ ನೋಡಿ ಮೊಮೊ ತಿಂದು ಬರುತ್ತಾರೆ.

ಹೋದ ವರ್ಷ ನಾನೂ ಹೋಗಿದ್ದೆ. ಅಕ್ಕನ ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿದವಳೇ ಬೆಣ್ಣೆ ಚಹಾ ಬಗ್ಗಿಸುತ್ತ ಕೇಳಿದಳು: ‘ಈಗ ನಿಮ್ಮಲ್ಲಿ ನೀರು ಎಷ್ಟು ದಿನಕ್ಕೊಮ್ಮಿ ಬರ್ತಾವ್ರಿ?’