ನನಗೆ ಏನಾದರೂ ಆಗುತ್ತೆ

ರಜೆಗೆ ಹೊರಡುವಾಗ ನಮ್ಮ ಮನೆಯಲ್ಲಿ ಜಗಳ ನಡೆಯುವುದು ಎಲ್ಲಿಗೆ ಹೋಗಬೇಕು ಎನ್ನುವುದಕ್ಕಲ್ಲ, ಮೊದಲ ರಾತ್ರಿ ಎಲ್ಲಿ ಊಟ ಮಾಡಬೇಕು ಎನ್ನುವುದಕ್ಕೆ. ಮಕ್ಕಳಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎಂಟು ವರ್ಷದ ಮಗ ತಿನ್ನುವುದು ಬಿಳಿ ಬಣ್ಣದ ಪದಾರ್ಥಗಳನ್ನು ಮಾತ್ರ. ಅನ್ನ, ಮೊಸರು, ಇಡ್ಲಿ, ಬ್ರೆಡ್ಡು, ಅದೂ ಕಂದು ಅಂಚನ್ನು ಕಿತ್ತು. ಹದಿಮೂರರ ಮಗಳು ತಟ್ಟೆಯ ಅಂಚಿನಲ್ಲಿ ಈರುಳ್ಳಿ, ಕರಿಬೇವು, ಟೊಮೇಟೊ ಸಿಪ್ಪೆಗಳನ್ನು ಸಾಲಾಗಿ ಜೋಡಿಸಿದ ಮೇಲೆ ಉಳಿದದ್ದನ್ನು ತಿನ್ನುತ್ತಾಳೆ. ನಮ್ಮ ಯಜಮಾನರದು ಬೇರೆ ಸಿದ್ಧಾಂತ. ಹೊಸ ಊರಿಗೆ ಹೋದ ಮೇಲೆ ಆ ಊರಿನ ಊಟವನ್ನೇ ಮಾಡಬೇಕು, ಇಲ್ಲದಿದ್ದರೆ ಮನೆಯಲ್ಲೇ ಇರಬಹುದಿತ್ತಲ್ಲ ಎನ್ನುತ್ತಾರೆ. ನಾನು ಈ ಮೂವರ ನಡುವೆ ಸಂಧಾನ ಮಾಡುವವಳು.

ಐದನೆಯವರು ನಮ್ಮ ಮಾವ. ಅವರಿಗೆ ಎಪ್ಪತ್ತಾರು ವರ್ಷ. ಅವರನ್ನು ಯಾವಾಗ ಕೇಳಿದರೂ ಬರುವ ಉತ್ತರ ಒಂದೇ: "ನನಗೆ ಏನಾದರೂ ಆಗುತ್ತಮ್ಮ, ಮಕ್ಕಳನ್ನ ನೋಡು."

ಕಳೆದ ವರ್ಷದ ದಸರಾ ರಜೆಯ ಪ್ರವಾಸ ಗೊತ್ತಾದದ್ದೇ ಅವರಿಗಾಗಿ. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಮಾಜ ಪಾಠ ಮಾಡಿದವರು ಅವರು. ನೊಳಂಬರ ರಾಜಧಾನಿ ಹೇಮಾವತಿ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದರೋ, ಊರನ್ನು ಮಾತ್ರ ನೋಡಿರಲಿಲ್ಲ. ಶಾಸನಗಳಲ್ಲಿ ಹೆಂಜೇರು ಎಂದು ಬರುವ ಊರು ಅದು. ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿ, ನಮ್ಮ ಶಿರಾ ತಾಲ್ಲೂಕಿನ ಗಡಿಗೆ ಅಂಟಿಕೊಂಡಂತೆ ಇದೆ. ಮೊದಲು ಅನಂತಪುರ ಜಿಲ್ಲೆಯಾಗಿತ್ತು, 2022ರಲ್ಲಿ ಜಿಲ್ಲೆಗಳನ್ನು ವಿಂಗಡಿಸಿದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಊರಿನ ಮಾತು ಮಾತ್ರ ಇಂದಿಗೂ ಕನ್ನಡ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಮಾವ ಮನೆಯಿಂದ ಹೊರಗೆ ಹೋಗುವುದೆಂದರೆ ಭಾನುವಾರದ ಪೂಜೆಗೆ ಮಾತ್ರ ಎನ್ನುವಂತಾಗಿತ್ತು. ಹೀಗಾಗಿ ಯಜಮಾನರು, "ಅಪ್ಪ, ಈ ಸಲ ಹೇಮಾವತಿಗೆ ಹೋಗೋಣ" ಎಂದಾಗ ಅವರ ಮುಖದಲ್ಲಿ ಕಂಡ ಗೆಲುವನ್ನು ನಾವೆಲ್ಲ ನೋಡಿ ಬಹಳ ದಿನವಾಗಿತ್ತು.

ಶುಕ್ರವಾರ ಮಧ್ಯಾಹ್ನ ಬೆಂಗಳೂರು ಬಿಟ್ಟು ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರದಲ್ಲಿ ತಂಗುವುದು, ಶನಿವಾರ ಮಡಕಶಿರಾ, ಅಮರಾಪುರದ ದಾರಿಯಲ್ಲಿ ಹೇಮಾವತಿಗೆ ಹೋಗುವುದು ಎಂದು ಲೆಕ್ಕ ಹಾಕಿದ್ದೆವು. ಯಜಮಾನರ ಆಫೀಸಿನ ಕೆಲಸ ಮುಗಿಯದೆ ಹೊರಟಾಗ ಐದು ಗಂಟೆ. ಲಾಡ್ಜಿನ ಕೋಣೆಯಲ್ಲಿ ಚೀಲ ಇಳಿಸಿದಾಗ ಎಂಟು ಗಂಟೆ ಹತ್ತಿರ. ಮಾವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. "ಈಗ ತಗೊಳ್ಳಲೇನೋ?" ಎಂದು ಮಗನನ್ನು ಕೇಳಿದರು. "ತಗೊಳ್ಳಿ ಅಪ್ಪ, ಕೆಳಗೇ ಎಷ್ಟೊಂದು ಹೋಟೆಲ್ ಇವೆ, ಹತ್ತು ನಿಮಿಷದಲ್ಲಿ ಊಟ" ಎಂದರು ಇವರು. ನಾನೂ ಅಲ್ಲೇ ಇದ್ದೆ. ಮಗನ ಶರ್ಟು ಬದಲಾಯಿಸುತ್ತಿದ್ದೆ.

ಹೋಟೆಲುಗಳು ಇದ್ದವು ನಿಜ. ಮೊದಲನೆಯದು ಬಿರಿಯಾನಿ ಹೋಟೆಲು. ಯಜಮಾನರ ಕಾಲು ತಾನಾಗಿಯೇ ಅತ್ತ ತಿರುಗಿತು. ಬಾಗಿಲಲ್ಲೇ ಮಗಳು ಮೂಗು ಮುಚ್ಚಿಕೊಂಡಳು. ಮೇಲಾಗಿ ಅಂದು ಶುಕ್ರವಾರ. ತಪಸ್ಸುಕಾಲವಿರಲಿ, ಇಲ್ಲದಿರಲಿ, ಮಾವ ಶುಕ್ರವಾರ ಮಾಂಸ ಮುಟ್ಟುವವರಲ್ಲ. ಎರಡನೆಯದು ಆಂಧ್ರ ಊಟದ ಮೆಸ್ಸು. ಪಪ್ಪು, ಗೋಂಗೂರ ಪಚ್ಚಡಿ, ಬಿಸಿ ಅನ್ನಕ್ಕೆ ತುಪ್ಪ. ನನಗಂತೂ ಅಲ್ಲೇ ಕೂರುವ ಆಸೆ. ಆದರೆ ರಾತ್ರಿ ಊಟ ಮುಗಿದಿದೆ, ಟಿಫನ್ ಮಾತ್ರ ಉಂಟು ಎಂದರು. ಟಿಫನ್ ಆದರೂ ಆಗುತ್ತಿತ್ತು. ಅಷ್ಟರಲ್ಲಿ ಮಗಳು ರಸ್ತೆಯಾಚೆ ಬಣ್ಣದ ದೀಪ ಹಾಕಿದ್ದ ದೊಡ್ಡ ಫ್ಯಾಮಿಲಿ ರೆಸ್ಟೋರೆಂಟನ್ನು ಕಂಡುಬಿಟ್ಟಿದ್ದಳು. ಅಲ್ಲಿ ಎಲ್ಲ ಸಿಗುತ್ತದೆ, ಎಲ್ಲರಿಗೂ ಆಗುತ್ತದೆ ಎಂದು ನಾನೇ ತೀರ್ಪು ಕೊಟ್ಟೆ. ಹೀಗೆ ಬೀದಿಯಲ್ಲಿ ಅತ್ತಿಂದಿತ್ತ ನಡೆದದ್ದರಲ್ಲೇ ಅರ್ಧ ಗಂಟೆ ಹೋಯಿತು. ಮಾವ ನಮ್ಮ ಹಿಂದೆ ಕೈ ಕಟ್ಟಿಕೊಂಡು ಬರುತ್ತಿದ್ದರು.

ಹನ್ನೆರಡು ಪುಟದ ಮೆನು. ಈಗ ಯೋಚಿಸಿದರೆ ತಟ್ಟನೆ ಹಿಂದೆ ಸರಿಯಬೇಕಾಗಿದ್ದೇ ಅಲ್ಲಿ. ಎಲ್ಲವೂ ಸಿಗುವ ಹೋಟೆಲಿನಲ್ಲಿ ಎಲ್ಲವನ್ನೂ ಆಗಲೇ ಮಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಮಗಳಿಗೆ ಫ್ರೈಡ್ ರೈಸು, ಮಗನಿಗೆ ಮೊಸರನ್ನ, ಇವರಿಗೆ ಏನೋ ಒಂದು ಕೋಳಿ. ಮಾವ, "ಏನಾದರೂ ಆಗುತ್ತೆ" ಎಂದರು. ನಾನು ರೊಟ್ಟಿ, ಪನ್ನೀರು ಹೇಳಿದೆ. ತಟ್ಟೆಗಳು ಬಂದಾಗ ಒಂಬತ್ತೂಕಾಲು. ಮೊಸರನ್ನದ ಮೇಲೆ ಸಾಸಿವೆ, ಒಣಮೆಣಸು, ದಾಳಿಂಬೆ ಕಾಳು! ಮಗ ತಟ್ಟೆಯನ್ನು ನೋಡಿ ಅಳಲು ಶುರುಮಾಡಿದ. ಇವರು ಗದರಿದರು. ನಾನು ಇವರನ್ನು ಗದರಿದೆ. ಪ್ಲೇಟಿನಿಂದ ದಾಳಿಂಬೆ ಹೆಕ್ಕುತ್ತಾ, ಬೇರೆ ಬಿಳಿ ಅನ್ನ ತರಿಸುತ್ತಾ, ಪಕ್ಕದ ಮೇಜಿನವರು ನೋಡುತ್ತಿದ್ದಾರೆಂದು ನಾಚುತ್ತಾ ನನ್ನ ಊಟ ಆರಿಹೋಯಿತು. ಮಾವ ಅರ್ಧ ರೊಟ್ಟಿ ತಿಂದು ಕೈ ತೊಳೆದುಕೊಂಡರು. ಪನ್ನೀರು ಖಾರವಾಗಿತ್ತೆಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ರಾತ್ರಿ ಎರಡು ಗಂಟೆಗೆ ಮಗಳು ನಮ್ಮ ಬಾಗಿಲು ಬಡಿದಳು. ಅವಳು ಮತ್ತು ತಾತ ಪಕ್ಕದ ಕೋಣೆಯಲ್ಲಿ ಮಲಗಿದ್ದರು. "ತಾತ ಏನೇನೋ ಮಾತಾಡ್ತಿದಾರೆ, ಬೇಗ ಬಾಮ್ಮ" ಎಂದಳು. ಓಡಿ ಹೋದೆವು. ಮಾವ ಮಂಚದ ಅಂಚಿನಲ್ಲಿ ಕೂತಿದ್ದರು. ಬನಿಯನ್ನು ಬೆವರಿನಿಂದ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು. ನನ್ನನ್ನು ನೋಡಿ, "ಅವಳೆಲ್ಲಿ? ಊಟಕ್ಕೆ ಕರೀಲಿಲ್ಲವಲ್ಲ" ಎಂದರು. ಅತ್ತೆಯನ್ನು ಕೇಳುತ್ತಿದ್ದಾರೆಂದು ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

ಯಜಮಾನರು ಅಪ್ಪನ ಚೀಲದಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದು ಬೆರಳಿಗೆ ಚುಚ್ಚಿ ನೋಡಿದರು. 52 ತೋರಿಸಿತು. ಸಾಮಾನ್ಯವಾಗಿ 70ಕ್ಕಿಂತ ಕಡಿಮೆಯಾದರೆ ಅಪಾಯವೆಂದು ಗೊತ್ತಿತ್ತು. ಆ ಹೊತ್ತಿನಲ್ಲಿ ಲಾಡ್ಜಿನಲ್ಲಿ ಸಕ್ಕರೆ ಎಲ್ಲಿಂದ ತರುವುದು? ಇವರು ಕೆಳಗೆ ಓಡಲು ಹೊರಟರು. ಆಗ ಮಗಳು ತಮ್ಮನ ಚೀಲ ತಂದಳು. ಹೋದಲ್ಲೆಲ್ಲ ಅವನು ಏನೂ ತಿನ್ನುವುದಿಲ್ಲವೆಂದು ನಾನು ತುಂಬಿಸುವ, ಇವರು ಪ್ರತಿಸಲ "ಇದೊಂದು ಕಿರಾಣಿ ಅಂಗಡಿ" ಎಂದು ಗೊಣಗುವ ಚೀಲ. ಅದರಲ್ಲಿ ಮಾವಿನ ಜ್ಯೂಸಿನ ಪೊಟ್ಟಣಗಳಿದ್ದವು. ಸ್ಟ್ರಾ ಚುಚ್ಚಿ ಬಾಯಿಗಿಟ್ಟೆ. ಮಾವ ಚಿಕ್ಕ ಮಗುವಿನ ಹಾಗೆ ಹೀರಿದರು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಆಮೇಲೆ ಬ್ರೆಡ್ಡು ಕೊಟ್ಟೆವು. ಕಂದು ಅಂಚನ್ನು ಮೊದಲೇ ಕಿತ್ತಿಟ್ಟಿದ್ದ ಬ್ರೆಡ್ಡು. ಬೆವರು ಆರಿದ ಮೇಲೆ ಅವರಿಗೆ ಎಲ್ಲಿದ್ದೇವೆಂದು ನೆನಪಾಯಿತು. "ನಿಮಗೆಲ್ಲ ನಿದ್ದೆ ಕೆಡಿಸಿದೆ" ಎಂದರು.

ವೈದ್ಯರು ಆಮೇಲೆ ಹೇಳಿದ್ದನ್ನು ಇಲ್ಲೇ ಬರೆದುಬಿಡುತ್ತೇನೆ, ಯಾರ ಮನೆಗಾದರೂ ಉಪಯೋಗವಾದೀತು. ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಡವಾದರೂ, ಕಡಿಮೆಯಾದರೂ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ನಿದ್ದೆಯಲ್ಲೂ ಇಳಿಯಬಹುದು. ಬೆವರು, ನಡುಕ, ತೊದಲು ಮಾತು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಅಥವಾ ಸಿಹಿ ಜ್ಯೂಸು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಚಾಕಲೇಟು ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಹೊರಗೆ ಊಟ ಮಾಡುವಾಗ, ಊಟ ಕಣ್ಣಿಗೆ ಕಾಣುವವರೆಗೆ ಸೂಜಿ ಹೊರಗೆ ತೆಗೆಯಬೇಡಿ ಎಂದರು ನಮ್ಮ ವೈದ್ಯರು. ನಿಮ್ಮ ಮನೆಯ ಹಿರಿಯರಿಗೆ ಏನು ಸರಿ ಎಂದು ಅವರ ವೈದ್ಯರನ್ನೇ ಕೇಳಿಕೊಳ್ಳಿ.

ಆ ರಾತ್ರಿ ಉಳಿದ ಹೊತ್ತು ನನಗೆ ನಿದ್ದೆ ಹತ್ತಲಿಲ್ಲ. ಅತ್ತೆ ಇದ್ದಾಗ ಇದೇ ಮನುಷ್ಯ ಇದೇ ಮಾತು ಹೇಳುತ್ತಿದ್ದರು, "ಏನಾದರೂ ಆಗುತ್ತೆ" ಎಂದು. ಪಕ್ಕದಲ್ಲೇ ಅತ್ತೆ ಬಾಯಿ ಹಾಕುತ್ತಿದ್ದರು: "ಅವರಿಗೆ ಎಂಟಕ್ಕೆ ಊಟ ಆಗ್ಬೇಕು ಕಣೇ. ಖಾರ ಬೇಡ. ಮೊದಲು ಅವರಿಗೆ ಬಡಿಸಿಬಿಡು." ಅದನ್ನು ಅತ್ತೆಯ ದರ್ಬಾರು ಎಂದುಕೊಂಡು ಒಳಗೊಳಗೇ ಸಿಡುಕುತ್ತಿದ್ದೆ. ಅವರು ಹೋದ ಮೇಲೆ ಆ ಅರ್ಧ ವಾಕ್ಯ ಮಾತ್ರ ನಮ್ಮ ಮನೆಯಲ್ಲಿ ಉಳಿದಿತ್ತು. ಹಟ ಮಾಡುವ ಮಕ್ಕಳಿಗಾಗಿ ಮೂರು ಹೋಟೆಲು ಹತ್ತಿಳಿದ ನಾನು, ಹಟ ಮಾಡದವರನ್ನು ಎರಡನೆಯ ಸಲ ಕೇಳಲಿಲ್ಲ.

ಬೆಳಿಗ್ಗೆ ವಾಪಸು ಹೊರಡೋಣವೇ ಎಂದರೆ ಮಾವ ಒಪ್ಪಲಿಲ್ಲ. ವೈದ್ಯರಿಗೆ ಫೋನ್ ಮಾಡಿ ಕೇಳಿ, ಮೆಲ್ಲಗೆ ಹೊರಟೆವು. ಮಡಕಶಿರಾ ದಾಟಿದ ಮೇಲೆ ದಾರಿಯುದ್ದಕ್ಕೂ ಶೇಂಗಾ ಹೊಲಗಳು. ಅಮರಾಪುರದ ಒಂದು ಚಿಕ್ಕ ಮೆಸ್ಸಿನ ಮುಂದೆ ಇವರು ಕಾರು ನಿಲ್ಲಿಸಿ, "ಅಪ್ಪ, ಮುದ್ದೆ ಇದೆ! ನಿಮ್ಮ ಊಟ" ಎಂದರು. ಮಾವ ಇಳಿದರು. ನಾನು ಕೇಳಿದೆ: "ಮಾವ, ನಿಮಗೆ ಏನು ಬೇಕು?"

"ಏನಾದರೂ ಆಗುತ್ತಮ್ಮ."

"ಏನಾದರೂ ಅನ್ನೋದನ್ನ ಇಲ್ಲಿ ಮಾಡಲ್ಲವಂತೆ. ಸರಿಯಾಗಿ ಹೇಳಿ."

ಸ್ವಲ್ಪ ಹೊತ್ತು ಮಗನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಮುದ್ದೆ ಬೇಡ. ನನಗದು ಅಷ್ಟಕ್ಕಷ್ಟೆ" ಎಂದರು.

ಹನ್ನೆರಡು ವರ್ಷ! ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ ಮಾಡುವುದೇ ಅವರಿಗೋಸ್ಕರ. "ಅತ್ತೆಗೆ ಗೊತ್ತಿತ್ತಾ?" ಎಂದೆ. "ಗೊತ್ತಿತ್ತು. ನೀವೆಲ್ಲ ಎದ್ದ ಮೇಲೆ ಒಂದು ಚಪಾತಿ ಹಾಕಿಕೊಡ್ತಿದ್ಲು." ಇವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. (ರಾಗಿಯಲ್ಲೂ ಪಿಷ್ಟವೇ ಇರುವುದು, ಮುಖ್ಯವಾದದ್ದು ಎಷ್ಟು ತಿನ್ನುತ್ತೀರಿ ಎನ್ನುವುದು ಎಂದು ವೈದ್ಯರೂ ಹೇಳಿದರು. ಮುದ್ದೆ ಔಷಧಿ ಎಂದು ನಾವೇ ನಂಬಿಕೊಂಡಿದ್ದೆವು.) ಮಗಳು ಮಾತ್ರ ತಾತನ ತೋಳು ಹಿಡಿದು ಕುಣಿದಳು: "ತಾತ, ನೀವು ನಮ್ಮ ಪಾರ್ಟಿ!"

ಹೇಮಾವತಿಯಲ್ಲಿ ಮಾವ ಎರಡು ಗಂಟೆ ತಿರುಗಿದರು. ಸಿದ್ಧೇಶ್ವರ ದೇವಾಲಯದಲ್ಲಿ ಲಿಂಗವಿಲ್ಲದೆ ಮನುಷ್ಯರೂಪದಲ್ಲಿ ಕುಳಿತ ಶಿವನ ವಿಗ್ರಹ, ದೊಡ್ಡೇಶ್ವರದ ನುಣುಪಾದ ಕಂಬಗಳು, ಪುರಾತತ್ವ ಇಲಾಖೆಯವರು ಕೂಡಿಸಿಟ್ಟ ಶಿಲ್ಪಗಳು. ನೊಳಂಬರ ಮೇಲೆ ಗೆದ್ದ ಚೋಳರು ಇಲ್ಲಿನ ಶೈಲಿಯ ಕಂಬಗಳನ್ನು ಕಾವೇರಿ ತೀರದ ತಿರುವೈಯಾರಿಗೆ ಒಯ್ದರಂತೆ, ಅಲ್ಲಿನ ದೇವಾಲಯದಲ್ಲಿ ಈಗಲೂ ಇವೆಯಂತೆ ಎಂದು ಮೊಮ್ಮಕ್ಕಳಿಗೆ ಹೇಳಿದರು. "ಅಷ್ಟು ಭಾರದ್ದನ್ನ ಯಾಕೆ ತಗೊಂಡು ಹೋದ್ರು?" ಎಂದ ಮಗ. "ಅವರಿಗೆ ಇಷ್ಟವಾಯ್ತು, ಕೇಳದೇ ತಗೊಂಡ್ರು" ಎಂದರು ಮೇಷ್ಟ್ರು.

ಸಂಜೆ ಏಳೂವರೆಗೆ ಹಿಂದೂಪುರ ಸೇರಿದೆವು. ಆ ರಾತ್ರಿ ಹೋಟೆಲು ಆರಿಸಿದ್ದು ಮಾವ. ಹಿಂದಿನ ದಿನ ನಾವು ಟಿಫನ್ ಮಾತ್ರ ಉಂಟೆಂದು ಬಿಟ್ಟುಬಂದ ಮೆಸ್ಸು. ಮಗನಿಗೆ ಇಡ್ಲಿ, ಮಗಳಿಗೆ ಈರುಳ್ಳಿ ಇಲ್ಲದ ದೋಸೆ, ಇವರಿಗೆ ಕಣ್ಣಲ್ಲಿ ನೀರು ಬರುವ ಚಟ್ನಿ. ಹತ್ತು ನಿಮಿಷದಲ್ಲಿ ಎಲ್ಲವೂ ಬಂತು. ಮಾವ ಇಡ್ಲಿಯ ತಟ್ಟೆ ಮೇಜಿಗೆ ಬಂದ ಮೇಲೆಯೇ ಸೂಜಿ ತೆಗೆದರು. ಎರಡು ಇಡ್ಲಿ ತಿಂದರು. ಆಮೇಲೆ ಬಂದ ದೋಸೆಯನ್ನು ಬೆರಳಿನಿಂದ ಎತ್ತಿ ಅಡಿಭಾಗ ನೋಡಿ, ಬಡಿಸುವ ಹುಡುಗನನ್ನು ಕರೆದರು.

"ಇದು ಮೆತ್ತಗಿದೆ ಕಣಪ್ಪ. ಅಂಚು ಕೆಂಪಗಾಗಬೇಕು. ಇನ್ನೊಂದು ಹಾಕಿಸಿಕೊಂಡು ಬಾ."